ಸೋಡಾಳ ಎಡಗೆನ್ನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಲಿ, ಮೂಗು ನನ್ನದು. ಆದರೆ ಆ ಶುಕ್ರವಾರ ಮಧ್ಯಾಹ್ನ ಕಾಲೇಜಿನ ಗೇಟಿನ ಮುಂದೆ ನಿಂತು ತಲೆ ಎತ್ತಿ ನೋಡಿದಾಗ ಬಂದ ಸಿಟ್ಟು ಯಾರಿಗಾದರೂ ಬರಬೇಕಾದದ್ದೇ.

ಗೇಟಿನ ಪಕ್ಕದ ಗೋಡೆಗೆ ಹತ್ತಡಿಯ ಫ್ಲೆಕ್ಸ್ ಕಟ್ಟಿದ್ದರು. ಫೋಟೋಗ್ರಫಿ ವಿಭಾಗದ ಕೊನೆಯ ವರ್ಷದವರ ಪ್ರದರ್ಶನ, ಸಂಜೆ ನಾಲ್ಕಕ್ಕೆ ಉದ್ಘಾಟನೆ, ಎಲ್ಲರಿಗೂ ಸ್ವಾಗತ. ಅಕ್ಷರಗಳೆಲ್ಲ ಕೆಳಗೆ ಒಂದು ಮೂಲೆಯಲ್ಲಿ. ಉಳಿದ ಜಾಗದ ತುಂಬ ನನ್ನ ಗೆಳತಿ ಸೋಡಾಳ ಮುಖ, ನನ್ನ ಪ್ರಾಜೆಕ್ಟಿನ ಫೋಟೋ. ಕುಣಿದಾಡಬೇಕಿತ್ತು ನಾನು. ಆದರೆ ಅವಳ ಎಡಗೆನ್ನೆಯ ಮೇಲಿನ ಬಿಳಿ ಮಚ್ಚೆಯನ್ನು ಯಾರೋ ಅಳಿಸಿಬಿಟ್ಟಿದ್ದರು.

"ಯಾರಮ್ಮಾ ಇದು? ಸಿನಿಮಾದವರಾ?" ಎಂದು ವಾಚ್‌ಮನ್ ಕೇಳಿದ.

ಉತ್ತರ ಕೊಡುವ ಬಾಯಲ್ಲಿ ಆಗ ಬರೀ ಬೈಗುಳವಿತ್ತು.

ಸೋಡಾ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚು. ಈಗ ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಅಂಚು ಸವೆಸಿ, ಫ್ರೇಮಿಗೆ ಕೂರಿಸುತ್ತಾಳೆ. ಸೋಡಾಬುಡ್ಡಿ ಕನ್ನಡಕ ಮಾಡುವವಳಿಗೆ ಇನ್ನೇನು ಹೆಸರಿಡುವುದು? ಎಂಟನೇ ವಯಸ್ಸಿನಲ್ಲಿ ಅವಳಿಗೆ ತೊನ್ನು ಶುರುವಾಯಿತು. ಎಡಗಣ್ಣಿನ ಅಂಚಿನಿಂದ ಕೆನ್ನೆ ತುಂಬಿ ದವಡೆಯವರೆಗೆ ಇಳಿದಿದೆ; ಎಡ ಹುಬ್ಬಿನ ಅರ್ಧ ಕೂದಲೂ ಬಿಳಿ. ನೋವಿಲ್ಲ, ಅಂಟುವುದಿಲ್ಲ, ಏನೂ ಇಲ್ಲ. ಆದರೂ ಅಂಗಡಿಯ ಯಜಮಾನರು ಅವಳನ್ನು ಕೌಂಟರಿಗೆ ಬಿಡುವುದಿಲ್ಲ. "ನಂಗೇನಿಲ್ಲಮ್ಮಾ, ಗಿರಾಕಿಗಳು ಏನಂದ್ಕೊಳ್ತಾರೋ ಅಂತ," ಎನ್ನುತ್ತಾರೆ. ಊರಿನವರ ಕಣ್ಣು ಸರಿಮಾಡುವವಳನ್ನು ಊರಿನವರ ಕಣ್ಣಿಗೆ ಬೀಳದ ಹಾಗೆ ಕೂರಿಸಿದ್ದಾರೆ, ಪುಣ್ಯಾತ್ಮರು.

ಆದರೆ ಅವರನ್ನು ಬೈಯುವ ಮೊದಲು ನನ್ನ ಕಥೆಯನ್ನೇ ಹೇಳಬೇಕು. ನಮ್ಮಪ್ಪನದು ಫೋಟೋ ಸ್ಟುಡಿಯೋ. ಮೂವತ್ತು ವರ್ಷದಿಂದ ಅಪ್ಪ ಜನರ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಅಳಿಸಿಕೊಂಡು ಬಂದಿದ್ದಾನೆ. ಮೊದಲು ನೆಗೆಟಿವ್ ಮೇಲೆ ಸಣ್ಣ ಕುಂಚದಲ್ಲಿ, ಈಗ ಕಂಪ್ಯೂಟರಿನಲ್ಲಿ. ನಾನು ಬೆಳೆದದ್ದು ಆ ಕುರ್ಚಿಯ ಪಕ್ಕದಲ್ಲೇ. ನೂಲಿನಂತೆ ಸೀರೆ ಅನ್ನುತ್ತಾರಲ್ಲ, ನಮ್ಮನೆಯಲ್ಲಿ ನೂಲು ಅಪ್ಪ. ಮೊದಲ ವರ್ಷದಲ್ಲಿ ಸೋಡಾಳ ಹುಟ್ಟುಹಬ್ಬಕ್ಕೆ ಅವಳದೊಂದು ಫೋಟೋ ತೆಗೆದು, ಕಟ್ಟು ಹಾಕಿಸಿ ಕೊಟ್ಟೆ. ಕೊಡುವ ಮೊದಲು ಮಚ್ಚೆ ಅಳಿಸಿದ್ದೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಇದು ನೆಪವಲ್ಲ, ಇನ್ನೂ ಹೆಚ್ಚು ನಾಚಿಕೆಯ ಮಾತು.

ಅವಳು ಫೋಟೋವನ್ನು ತುಂಬ ಹೊತ್ತು ನೋಡಿದಳು.

"ಯಾರೇ ಇದು?"

"ನೀನೇ ಕಣೇ."

"ನಾನಲ್ಲ. ನನ್ನ ಹಾಗೇ ಇದ್ದಾಳೆ. ಒಳ್ಳೆ ಹುಡುಗಿ ಇರ್ಬೇಕು, ಇಟ್ಕೋ ನೀನೇ."

ಹನ್ನೊಂದು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ. ಅಂಗಡಿಯ ಹಿಂಬಾಗಿಲಿಗೆ ಹೋಗಿ ನಿಂತರೆ ಗಾಜು ಉಜ್ಜುವ ಯಂತ್ರದ ಸದ್ದು ಜೋರಾಗುತ್ತಿತ್ತು, ಅಷ್ಟೇ.

ಹಾಗಾಗಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಒಂದು ನಿಯಮ ಹಾಕಿಕೊಂಡೆ. ಅಪ್ಪನ ಹಳೇ ಟ್ರಂಕಿನಲ್ಲಿ ಒಂದು ರಬ್ಬರ್ ಚೆಂಡು ಸಿಕ್ಕಿತು, ನಿಂಬೆಹಣ್ಣಿನಷ್ಟು ದೊಡ್ಡದು. ಅದರಿಂದ ಉದ್ದನೆಯ ಕೊಳವೆ ಹೋಗಿ ಹಳೇ ರೀಲಿನ ಕ್ಯಾಮೆರಾಕ್ಕೆ ಸೇರುತ್ತದೆ. ಚೆಂಡು ಹಿಸುಕಿದರೆ ಕ್ಯಾಮೆರಾ ಕ್ಲಿಕ್ ಅನ್ನುತ್ತದೆ. ನಾಲ್ಕು ಜನ ಗೆಳೆಯರನ್ನು ಒಬ್ಬೊಬ್ಬರಾಗಿ ಕೂರಿಸಿದೆ. ಬೆಳಕು, ಫೋಕಸ್ ನನ್ನದು. ಅದಾದ ಮೇಲೆ ಚೆಂಡನ್ನು ಅವರ ಕೈಗೆ ಕೊಟ್ಟು ನಾನು ಗೋಡೆಗೆ ಮುಖ ಮಾಡಿ ನಿಲ್ಲುವುದು. ಅವರಿಗೆ ಮನಸ್ಸು ಬಂದಾಗ ಒತ್ತಬೇಕು. ಬಸ್ ಕಂಡಕ್ಟರ್ ಗೆಳೆಯ ಆಕಳಿಸುತ್ತಾ ಒತ್ತಿದ. "ನನ್ನ ನಿಜವಾದ ಮುಖ ಇದೇ ಕಣೇ," ಎಂದ. ನರ್ಸ್ ಗೆಳತಿ ಕಾಲುಚೀಲ ಕಿತ್ತುಹಾಕಿ, ಪಾದ ನೀವಿಕೊಂಡು, ಆಮೇಲೆ ಒತ್ತಿದಳು. ಕ್ಷೌರದ ಅಂಗಡಿಯವನು ತಾನು ಹೇಳಿದ ಜೋಕಿಗೆ ತಾನೇ ನಕ್ಕು ಒತ್ತಿದ.

ಸೋಡಾಳನ್ನು ಒಪ್ಪಿಸಲು ಮೂರು ವಾರ ಬೇಕಾಯಿತು.

"ಒಂದು ಕೂದಲೂ ಮುಟ್ಟಲ್ಲ, ಆಣೆ," ಎಂದೆ.

"ಮುಟ್ಟಿದ್ರೆ?"

"ಮತ್ತೆ ನನ್ನ ಮುಖ ನೋಡ್ಬೇಡ."

"ನೋಡಲ್ಲ," ಎಂದಳು. ತಮಾಷೆಯ ದನಿ ಅದಾಗಿರಲಿಲ್ಲ. ಕೂದಲನ್ನೆಲ್ಲ ಹಿಂದಕ್ಕೆ ಬಿಗಿದು ಕಟ್ಟಿ, ಕ್ಯಾಮೆರಾಕ್ಕೆ ನೇರವಾಗಿ ಕೂತಳು. ಗೋಡೆಯ ಸುಣ್ಣ ನೋಡುತ್ತಾ ನಾನು ಹತ್ತು ನಿಮಿಷ ನಿಂತಿದ್ದೆ. ಕ್ಲಿಕ್ ಕೇಳಿದ ಮೇಲೂ ತಿರುಗಲು ಧೈರ್ಯ ಬರಲಿಲ್ಲ. ಫೋಟೋ ಮಾತ್ರ ಅಬ್ಬಾ! ದಾರಿ ಬಿಡಿ ಎಂದು ಹೇಳುವವಳ ಹಾಗೆ ನೋಡುತ್ತಿದ್ದಳು.

ನಮ್ಮ ವಿಭಾಗದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಬೆಳಕಪ್ಪ. ಮಾತಿಗೊಮ್ಮೆ ಬೆಳಕು ಬೆಳಕು ಎನ್ನುತ್ತಾರೆ. ಇಡೀ ತರಗತಿಯ ಮುಂದೆ ಅವರು ನನ್ನ ಫೋಟೋಗಳನ್ನು ನೋಡಿ, "ಚೆಂಡು ಒತ್ತಿದೋರು ಅವ್ರು. ಹಾಗಾದ್ರೆ ಫೋಟೋ ತೆಗೆದದ್ದು ಯಾರು? ನೀನಲ್ಲ, ಅವ್ರು. ಮಾರ್ಕ್ಸೂ ಅವ್ರಿಗೇ ಕೊಡ್ಲಾ?" ಎಂದಿದ್ದರು. ಎಲ್ಲರೂ ಹಲ್ಲುಕಿರಿದರು. ಅದೇ ಮನುಷ್ಯ ಅದೇ ಫೋಟೋವನ್ನು ಗೇಟಿಗೆ ಏರಿಸಿದ್ದರು, ಮಚ್ಚೆ ತೆಗೆಸಿ.

ನಾನು ನೇರ ಅವರ ಕೋಣೆಗೆ ನುಗ್ಗಿದೆ.

"ಸಾರ್, ಆ ಫ್ಲೆಕ್ಸ್ ಇಳಿಸಿ."

"ಕೂತ್ಕೊಳಮ್ಮಾ. ಎಷ್ಟು ಚೆನ್ನಾಗಿ ಬಂದಿದೆ! ಮಚ್ಚೆ ಇದ್ರೆ ಜನ ಮಚ್ಚೇನೇ ನೋಡ್ತಾರೆ, ಬೆಳಕು ನೋಡಲ್ಲ."

"ನಾನು ಅವಳಿಗೆ ಮಾತು ಕೊಟ್ಟಿದೀನಿ."

"ಕಾಲೇಜು ಕೊಟ್ಟಿಲ್ವಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ಅದು ಕಾಲೇಜಿನ ಫ್ಲೆಕ್ಸ್. ಅದಕ್ಕೆ ಯಾರು ಕೈ ಹಾಕಿದ್ರೂ ನಿನ್ನ ರಿಸಲ್ಟ್ ತಡೆಹಿಡೀತೀನಿ. ಆಮೇಲೆ ಅಳ್ಬೇಡ."

"ಯಾರು ಅಳಿಸಿದ್ದು ಅದನ್ನ?"

ಅವರು ನಕ್ಕರು. "ನಿಮ್ಮಪ್ಪನೇ! ಎಂಥ ಕೈ ಅವ್ರದ್ದು! ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ."

ಕಾಲೇಜಿನಿಂದ ಸ್ಟುಡಿಯೋಗೆ ಇಪ್ಪತ್ತು ನಿಮಿಷದ ದಾರಿ. ನಾನು ಹತ್ತರಲ್ಲಿ ಹೋದೆ. ಅಪ್ಪ ಒಬ್ಬ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, "ಗಲ್ಲ ಸ್ವಲ್ಪ ಕೆಳಗೆ, ಭುಜ ನೇರ," ಎನ್ನುತ್ತಿದ್ದ. ಅಜ್ಜ ಹೋಗುವವರೆಗೆ ತಡೆದುಕೊಂಡೆ. ಅಷ್ಟು ಮರ್ಯಾದೆ ನನಗೂ ಇದೆ.

"ಅಪ್ಪಾ, ಸೋಡಾ ಮುಖಕ್ಕೆ ಏನ್ ಮಾಡ್ದೆ ನೀನು?"

ಅಪ್ಪನ ಮುಖ ಅರಳಿತು. "ನೋಡಿದ್ಯಾ? ನಿಮ್ ಸಾರ್ ಕಳಿಸಿದ್ರು. ನಿನ್ನ ಫೋಟೋ ಗೇಟಿಗೆ ಹಾಕ್ತಾರಂತೆ, ದುಡ್ಡೇ ಬೇಡ ಅಂದೆ. ಎರಡು ದಿನ ಕೂತು ಮಾಡ್ದೆ. ಪಾಪ, ಹುಡುಗಿ ಒಂದ್ಸಲನಾದ್ರೂ ಚೆನ್ನಾಗಿ ಕಾಣ್ಲಿ ಅಂತ."

ನನಗೆ ಕಿರುಚಬೇಕೆನಿಸಿತು, ಅಳುವೂ ಬಂತು. ಮೊದಲ ವರ್ಷದಲ್ಲಿ ನಾನು ಮಾಡಿದ್ದೂ ಇದನ್ನೇ, ಇಷ್ಟೇ ಪ್ರೀತಿಯಿಂದ. ಹುಟ್ಟುಹಬ್ಬದ ಫೋಟೋದ ಕಥೆಯನ್ನು ಅಪ್ಪನಿಗೆ ಅವತ್ತೇ ಮೊದಲು ಹೇಳಿದೆ. ಹನ್ನೊಂದು ತಿಂಗಳ ಕಥೆ, ಆಣೆಯ ಕಥೆ, ಎಲ್ಲ. ಮೂರೂವರೆಗೆ ಅವಳು ಅರ್ಧ ದಿನ ರಜೆ ಹಾಕಿ ಬರುತ್ತಾಳೆ, ಬಂದು ಅದನ್ನು ನೋಡುತ್ತಾಳೆ, ಅಲ್ಲಿಗೆ ನಮ್ಮ ಸ್ನೇಹದ ಕಥೆ ಮುಗಿಯಿತು ಎಂದೆ.

ಅಪ್ಪ ಕುರ್ಚಿಯ ಮೇಲೆ ಕೂತುಬಿಟ್ಟ, ಗಿರಾಕಿಗಳು ಕೂರುವ ಕುರ್ಚಿಯ ಮೇಲೆ.

"ಶಾಲೆ ಬಿಡೋವಾಗ ಫೋಟೋಗೆ ಬಂದಿದ್ಲು," ಎಂದ. "ಮುಖ ಆ ಕಡೆ ತಿರುಗಿಸಮ್ಮಾ ಅಂದೆ. ತಿರುಗಿಸಿದ್ಲು. ಏನೂ ಅನ್ಲಿಲ್ಲ."

"ಅನ್ನೋಕೆ ಬಿಟ್ರೆ ತಾನೇ?"

ಅಪ್ಪ ಎದ್ದ. ಕಪಾಟಿನ ಮೇಲಿನಿಂದ ಹಳೇ ಕುಂಚಗಳ ಡಬ್ಬಿ ತೆಗೆದ. "ಫ್ಲೆಕ್ಸ್ ಮೇಲೆ ನೀರಿನ ಬಣ್ಣ ನಿಲ್ಲಲ್ಲ. ಕಿಟಕಿಗೆ ಹಚ್ಚಿದ ಎಣ್ಣೆ ಪೇಂಟ್ ಉಳ್ದಿರ್ಬೇಕು ನೋಡು, ಬಿಳಿದು."

"ಅಪ್ಪಾ, ರಿಸಲ್ಟ್ ತಡೆಹಿಡೀತಾರಂತೆ."

"ನಿಂಗೆ ಭಯನಾ?"

"ಹೋಗಪ್ಪಾ!" ಎಂದೆ. ಭಯವಿತ್ತು. ಮೂರು ವರ್ಷದ ಓದು ಅದು. ಆದರೂ ಏಣಿ ಹೊತ್ತವಳು ನಾನೇ.

ಮೂರು ಗಂಟೆಗೆ ಅಪ್ಪ ಏಣಿಯ ಮೇಲಿದ್ದ. ಬಿಳಿಗೆ ಚೂರು ಹಳದಿ, ಚೂರು ಕೆಂಪು ಬೆರೆಸಿದ್ದ. ಗೋಡೆಯ ಬಿಳಿ ಬೇರೆ, ಚರ್ಮದ ಬಿಳಿ ಬೇರೆಯಂತೆ. ಕಂಪ್ಯೂಟರಿನಲ್ಲಿ ಅಪ್ಪ ಮೂಲದ ಮೇಲೆಯೇ ಅಳಿಸಿ ಉಳಿಸಿದ್ದ; ನೆಗೆಟಿವ್, ಪ್ರತಿ ಎರಡೂ ಪ್ರದರ್ಶನದ ಕೋಣೆಯಲ್ಲಿದ್ದವು, ಕೋಣೆಗೆ ಬೀಗ. ನೆನಪಿನಿಂದಲೇ ಬರೆಯಬೇಕು. ಕಣ್ಣಿನ ಅಂಚಿನಲ್ಲಿ ಶುರುಮಾಡಿ, ಕೆನ್ನೆಯ ನಡುವಿಗೆ ಬಂದು ಅಪ್ಪನ ಕೈ ನಿಂತಿತು. ಎರಡು ದಿನ ಕೂತು ಅಳಿಸಿದವನಿಗೆ ಅದು ಎಲ್ಲಿ ಮುಗಿಯುತ್ತದೆಂದು ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಏನ್ ನಡೀತಿದೆ ಇಲ್ಲಿ?"

ಸೋಡಾ. ಹೇಳಿದ್ದಕ್ಕಿಂತ ಮೊದಲೇ ಬಂದಿದ್ದಳು, ಕೂದಲು ಬಿಗಿದು ಕಟ್ಟಿಕೊಂಡು. ಅರ್ಧ ಮಚ್ಚೆಯ ತನ್ನದೇ ಮುಖವನ್ನು ನೋಡಿದಳು, ಆಮೇಲೆ ನನ್ನನ್ನು.

"ಅಳಿಸಿದ್ರು," ಎಂದೆ. "ನಾನಲ್ಲ, ಆದ್ರೂ ಕಾಯ್ಕೋಬೇಕಾಗಿತ್ತು ನಾನು. ತಪ್ಪಾಯ್ತು."

"ಅವಳದ್ದಲ್ಲಮ್ಮಾ ತಪ್ಪು," ಅಪ್ಪ ಏಣಿಯ ಮೇಲಿನಿಂದಲೇ ಹೇಳಿದ. "ಅಳಿಸಿದ್ದು ನಾನು. ಈಗ ತಿರುಗಾ ಹಾಕೋಣ ಅಂದ್ರೆ ಗೊತ್ತಾಗ್ತಿಲ್ಲ. ನಿನ್ನ ಮುಖಾನ ನಾನು ಯಾವತ್ತೂ ಸರಿಯಾಗಿ ನೋಡೇ ಇಲ್ಲ."

ಸೋಡಾ ಬುಸ್ಸೆನ್ನುತ್ತಾಳೆ ಎಂದು ಕಾದೆ. ಅವಳ ಮೂಗಿನ ಹೊಳ್ಳೆಗಳು ಅರಳಿದವು. ಚಪ್ಪಲಿ ಬಿಟ್ಟು, ವಾಚ್‌ಮನ್‌ನ ಸ್ಟೂಲು ಎಳೆದು, ಏಣಿಯ ಪಕ್ಕದಲ್ಲಿ ಹತ್ತಿ ನಿಂತಳು.

ಅಪ್ಪ ಕೆಳಗೆ ಬಗ್ಗಿ ನೋಡಿದ. "ಮುಖ ಈ ಕಡೆ ತಿರುಗಿಸಮ್ಮಾ," ಎಂದ.

ಅವಳು ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದಳು. ನನಗೆ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ, ಎರಡೂ ಕೈಯಲ್ಲಿ ಏಣಿ ಹಿಡಿದಿದ್ದೆ.

ಬೆಳಕಪ್ಪ ಓಡಿಬಂದರು. ಹಿಂದೆ ಅರ್ಧ ತರಗತಿ. "ಇಳೀರಿ ಕೆಳಗೆ! ಯಾರನ್ನ ಕೇಳಿ ಮುಟ್ಟಿದ್ರಿ ಇದನ್ನ?"

"ನನ್ನ ಕೇಳಿ," ಎಂದಳು ಸೋಡಾ, ಮುಖ ಅಲ್ಲಾಡಿಸದೆ. "ಚೆಂಡು ಒತ್ತಿದ್ದು ನಾನು ಸಾರ್. ಒತ್ತಿದೋರೇ ಫೋಟೋ ತೆಗೆದೋರು ಅಂತ ನೀವೇ ಹೇಳಿದ್ರಂತಲ್ಲ? ನನ್ನ ಫೋಟೋ ನಾನು ಸರಿಮಾಡಿಸ್ತಿದೀನಿ. ಮಾರ್ಕ್ಸ್ ಬೇಡ, ನೀವೇ ಇಟ್ಕೊಳ್ಳಿ."

ತರಗತಿ ಮತ್ತೆ ಹಲ್ಲುಕಿರಿಯಿತು. ಈ ಸಲ ಬೇರೆ ಕಡೆಗೆ.

ಬೆಳಕಪ್ಪನವರ ಮುಖ ಕೆಂಪೇರಿತು. ನನ್ನ ಕಡೆ ಬೆರಳು ತೋರಿಸಿದರು. "ನಿನ್ನ ರಿಸಲ್ಟ್..."

"ತಡೆಹಿಡೀರಿ ಸಾರ್," ಎಂದೆ. "ನನ್ನ ಕೈಯಲ್ಲಿ ಈಗ ಏಣಿ ಇದೆ."

ಅವರು ಹೋದರು. ನನ್ನ ರಿಸಲ್ಟ್ ಇವತ್ತಿಗೂ ಬಂದಿಲ್ಲ, ನಾಲ್ಕು ತಿಂಗಳಾಯಿತು. ಅರ್ಜಿ ಮೇಲೆ ಅರ್ಜಿ ಕೊಡುತ್ತಿದ್ದೇನೆ. ಬಿಡುವವಳಲ್ಲ ನಾನು, ಆದರೆ ಕ್ಷಮೆ ಕೇಳುವವಳೂ ಅಲ್ಲ.

ಅಪ್ಪ ದವಡೆ ಮುಗಿಸಿದ. ಹುಬ್ಬಿನ ಬಿಳಿ ಕೂದಲುಗಳನ್ನು ಸಣ್ಣ ಕುಂಚದಲ್ಲಿ ಒಂದೊಂದಾಗಿ ಎಳೆದ. ಇಳಿಯಲು ಕಾಲು ಕೆಳಗಿಟ್ಟ.

"ಅಂಕಲ್, ಕಿವಿ ಹತ್ರ ಚೂರು ಬಿಟ್ರಿ," ಎಂದಳು ಸೋಡಾ.

ಅಪ್ಪ ಮತ್ತೆ ಹತ್ತಿದ.

ನಾಲ್ಕು ಗಂಟೆಗೆ ಜನ ಬರತೊಡಗಿದರು. ಪೇಂಟ್ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ವಾಚ್‌ಮನ್ ಸ್ಟೂಲು ವಾಪಸ್ ತೆಗೆದುಕೊಳ್ಳಲು ಬಂದವನು ಒಮ್ಮೆ ಮೇಲೆ ನೋಡಿದ, ಒಮ್ಮೆ ಸೋಡಾಳ ಕಡೆ ನೋಡಿದ.

"ಅರೆ, ಯಾರಮ್ಮಾ ಅದು, ನೀನಾ?"

"ಹೂಂ," ಎಂದಳು ಸೋಡಾ, ಚಪ್ಪಲಿ ಹಾಕಿಕೊಳ್ಳುತ್ತಾ. "ನಾನೇ."