ಬೆಳೆಯುವ ಸರಕಿನ ಲೆಕ್ಕ

ಲೆಕ್ಕದಕ್ಕನಿಗೆ ಹನ್ನೊಂದು ಗಿರಾಕಿಗಳಿದ್ದರು, ಹನ್ನೊಂದೂ ಹನ್ನೊಂದು ದಿಕ್ಕು. ಒಬ್ಬ ಹಲ್ಲಿನ ಡಾಕ್ಟರು, ಒಂದು ಟೈಲರ್ ಅಂಗಡಿ, ಒಂದು ಹಿಟ್ಟಿನ ಗಿರಣಿ, ಸಂಗೀತ ಶಾಲೆ, ಪಂಕ್ಚರ್ ಹಾಕುವವನೊಬ್ಬ, ವಾಚನಾಲಯದ ಸಂಘ, ಹೀಗೆ. ದೊಡ್ಡ ಆಡಿಟರುಗಳು ಕಣ್ಣೆತ್ತಿಯೂ ನೋಡದ ಸಣ್ಣಪುಟ್ಟವರ ರಸೀದಿಗಳೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ಅವಳ ಮನೆಯ ಮುಂದಿನ ಕೋಣೆಗೆ ಬಂದು ಬೀಳುತ್ತಿದ್ದವು. ಬೆಳಿಗ್ಗೆ ಹಲ್ಲು, ಮಧ್ಯಾಹ್ನ ಹಿಟ್ಟು, ಸಂಜೆ ಟೈರು. ಹದಿನಾಲ್ಕು ವರ್ಷ ಹೀಗೇ ಕಳೆದಿತ್ತು.

"ಎಲ್ಲಾ ಸಾಮಾನೂ ಇಟ್ಟಿರೋ ಅಂಗಡಿ ಥರ ಆಗಿದ್ದೀಯ ನೀನು," ಎನ್ನುತ್ತಿದ್ದರು ಅವಳ ಅತ್ತೆ. "ಕೇಳಿದ್ದೆಲ್ಲ ಸಿಗುತ್ತೆ. ಆದ್ರೆ ಯಾವುದಕ್ಕೂ ಯಾರೂ ಹುಡುಕ್ಕೊಂಡು ಬರಲ್ಲ."

ಅತ್ತೆಯ ನಾಲಗೆಗೆ ಸಾಣೆ ಬೇಕಿರಲಿಲ್ಲ. ಲೆಕ್ಕದಕ್ಕ ನಕ್ಕು ಮುಂದಿನ ಚೀಲ ಬಿಚ್ಚುತ್ತಿದ್ದಳು. ಆದರೆ ಒಂದು ದಿನ ಹಲ್ಲಿನ ಡಾಕ್ಟರು ಬಂದು, ಕುರ್ಚಿಯ ತುದಿಯಲ್ಲಿ ಕೂತು, ತಮ್ಮ ಲೆಕ್ಕವನ್ನು ಬೇರೆಯವರಿಗೆ ಕೊಡುತ್ತಿರುವುದಾಗಿ ಹೇಳಿದಾಗ ಅವಳ ನಗು ಆರಿಹೋಯಿತು.

"ನಿಮ್ಮದು ಒಂದು ಕಾಸೂ ತಪ್ಪಿಲ್ಲಮ್ಮ," ಎಂದರು ಅವರು, ಮುಜುಗರದಿಂದ. "ಆದ್ರೆ ಅವರು ಕ್ಲಿನಿಕ್‌ಗಳದ್ದು ಮಾತ್ರ ಮಾಡ್ತಾರೆ. ನಾನು ಅರ್ಧ ಮಾತು ಹೇಳೋಷ್ಟರಲ್ಲಿ ಮಿಕ್ಕಿದ್ದು ಅವರಿಗೇ ಗೊತ್ತಾಗುತ್ತೆ."

ತಪ್ಪು ಮಾಡಿ ಬೈಸಿಕೊಂಡಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಯಾರ ಅರ್ಧ ಮಾತೂ ತನಗೆ ಪೂರ್ತಿ ಅರ್ಥವಾಗಿಲ್ಲವಲ್ಲ ಎಂಬುದು ಅವಳನ್ನು ವಾರಗಟ್ಟಲೆ ಕೊರೆಯಿತು.

ಡಾಕ್ಟರು ಬಿಟ್ಟುಹೋದ ಜಾಗಕ್ಕೆ ಬಂದವರು ಊರಾಚೆಯ ಗಿಡಗಳ ನರ್ಸರಿಯ ಯಜಮಾನರು. ಅರವತ್ತು ದಾಟಿದ ಮನುಷ್ಯ, ಉಗುರುಗಳಲ್ಲಿ ಸದಾ ಮಣ್ಣು. ಅವರ ತಕರಾರು ಒಂದೇ. "ದಿನಾ ಜನ ಬರ್ತಾರೆ, ಗಿಡ ಹೋಗ್ತಾವೆ, ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ. ಎಲ್ಲಿ ಸೋರ್ತಿದೆ ಅಂತ ನೋಡಿ ಹೇಳಿ, ಅಷ್ಟೇ."

ಹಳೆಯ ಪುಸ್ತಕ ಬಿಡಿಸಿ ನೋಡಿದರೆ, ಹಿಂದಿನ ಗುಮಾಸ್ತ ಗಿಡಗಳನ್ನು ಮೊಳೆ, ಬೋಲ್ಟುಗಳಂತೆ ಬರೆದಿದ್ದ. ಇಷ್ಟು ತಂದದ್ದು, ಇಷ್ಟು ಮಾರಿದ್ದು, ಇಷ್ಟು ಉಳಿದದ್ದು. ಹತ್ತಕ್ಕೆ ತಂದ ಸಸಿ ಮೂರು ವರ್ಷ ನೀರು, ಗೊಬ್ಬರ, ಮೂರು ಸಲ ದೊಡ್ಡ ಕುಂಡ ಕಂಡು ಎದೆಮಟ್ಟ ಬೆಳೆದು ನಿಂತಿದ್ದರೂ ಪುಸ್ತಕದಲ್ಲಿ ಅದರ ಬೆಲೆ ಹತ್ತೇ. ಒಣಗಿ ಸತ್ತದ್ದಕ್ಕೆ ಲೆಕ್ಕವೇ ಇಲ್ಲ.

"ಸತ್ತ ಗಿಡ ಎಲ್ಲಿ ಹೋಗುತ್ತೆ?" ಎಂದು ಕೇಳಿದಳು.

ಯಜಮಾನರು ಹಿತ್ತಿಲಿನ ಗೊಬ್ಬರದ ಗುಂಡಿ ತೋರಿಸಿದರು. ಅವಳು ಅದರ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಇಂಥ ಸರಕನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕೂತಲ್ಲೇ ಬೆಳೆಯುತ್ತದೆ, ಕೂತಲ್ಲೇ ಸಾಯುತ್ತದೆ. ಮನೆಯಲ್ಲಿ ಕೂತು ರಸೀದಿ ಜೋಡಿಸಿದರೆ ಇದು ಕೈಗೆ ಹತ್ತುವುದಿಲ್ಲ ಎಂದು ಅವಳಿಗೆ ಅಲ್ಲೇ ಮನದಟ್ಟಾಯಿತು.

ಮರುವಾರದಿಂದ ಪ್ರತಿ ಮಂಗಳವಾರ ನರ್ಸರಿಗೆ ಹೋಗತೊಡಗಿದಳು. ಮೊದಲ ದಿನ ಕಳೆ ಯಾವುದು, ಸಸಿ ಯಾವುದು ತಿಳಿಯದೆ ಕಳೆಗೂ ಚೀಟಿ ಕಟ್ಟಿ, ನೀರು ಹಾಕುವ ಹೆಂಗಸರ ಬಾಯಿಗೆ ಒಂದು ತಿಂಗಳ ನಗು ಒದಗಿಸಿದಳು. ನಾಚಿಕೆಯಾದರೂ ಬಿಡಲಿಲ್ಲ. ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು ಕುಂಡ ಬದಲಿಸಲು ಕಲಿತಳು. ಒಂದು ಗಂಟೆಗೆ ಎಷ್ಟು ಕುಂಡ, ಒಂದು ಚೀಲ ಮಣ್ಣಿಗೆ ಎಷ್ಟು ಗಿಡ, ಎಲ್ಲ ಬರೆದುಕೊಂಡಳು. ಮೂರನೆಯ ಮಂಗಳವಾರ ಅತ್ತೆಯೂ ಚಪ್ಪಲಿ ಮೆಟ್ಟಿ ಹೊರಟು ನಿಂತರು.

"ಮನೇಲಿ ಗೋಡೆ ನೋಡ್ಕೊಂಡು ಕೂರೋ ಬದಲು ಗಿಡ ಎಣಿಸ್ತೀನಿ. ನಂಗೇನು ಎಣಿಸೋಕೆ ಬರಲ್ವಾ?"

ಹೊಸದಾಗಿ ತೆರೆದ ಸತ್ತ ಗಿಡಗಳ ಪುಸ್ತಕ ಅತ್ತೆಯ ಪಾಲಿಗೆ ಬಂತು, ಅದಕ್ಕಾಗಿ ಅವರು ದಿನಾ ನರ್ಸರಿಗೆ ಹೋಗತೊಡಗಿದರು. ಅವರ ಕಣ್ಣಿಗೆ ಬೀಳದೆ ಒಂದು ಕಡ್ಡಿಯೂ ಗುಂಡಿ ಸೇರುವಂತಿರಲಿಲ್ಲ. ದಿನಾಂಕ, ಜಾತಿ, ವಯಸ್ಸು, ಸತ್ತ ಕಾರಣ. ಕಾರಣದ ಜಾಗದಲ್ಲಿ ಒಮ್ಮೆ "ಯಜಮಾನರ ಅಸಡ್ಡೆ" ಎಂದು ಬರೆದು, ಯಜಮಾನರಿಂದಲೇ ಅದಕ್ಕೆ ಸಹಿ ಹಾಕಿಸಿದರು.

ಹದಿನಾಲ್ಕು ತಿಂಗಳಾಗುವಷ್ಟರಲ್ಲಿ ಸೋರುವ ಜಾಗ ಸಿಕ್ಕಿತು. ಯಜಮಾನರು ಗಿಡದ ವಯಸ್ಸು ನೋಡುತ್ತಿರಲಿಲ್ಲ, ಗಿರಾಕಿಯ ಮುಖ ನೋಡಿ ಬೆಲೆ ಹೇಳುತ್ತಿದ್ದರು. ಮೂರು ವರ್ಷ ಸಾಕಿದ ಗಿಡಕ್ಕೆ ಆದ ಖರ್ಚು ನೂರಾ ತೊಂಬತ್ತು, ಮಾರಿದ್ದು ನೂರೈವತ್ತಕ್ಕೆ.

"ಅಂದ್ರೆ ನಾನು ದುಡ್ಡು ಕೊಟ್ಟು ಗಿಡ ಹಂಚ್ತಾ ಇದ್ದೆ!" ಯಜಮಾನರು ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು.

"ಹಂಚಿದ್ದು ಸಾಕು. ಇನ್ಮೇಲೆ ಮಾರಿ," ಎಂದಳು ಲೆಕ್ಕದಕ್ಕ. ವಯಸ್ಸಿನ ಪ್ರಕಾರ ಬೆಲೆಯ ಚೀಟಿಗಳು ಅದೇ ವಾರ ಕುಂಡಗಳಿಗೆ ಬಂದವು. ಗಿರಾಕಿಗಳಲ್ಲಿ ಕೆಲವರು ಗೊಣಗಿದರು, ಆದರೆ ಕೊಂಡರು.

ಅಷ್ಟರಲ್ಲಿ ಬಾವಿಯ ನೀರು ಸಾಲದಾಗಿ, ದೊಡ್ಡದೊಂದು ತೊಟ್ಟಿ ಕಟ್ಟಿಸಲು ಯಜಮಾನರು ಬ್ಯಾಂಕಿಗೆ ಅರ್ಜಿ ಹಾಕಿದರು. ಸಾಲದ ಅಧಿಕಾರಿ ನರ್ಸರಿಗೇ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಹಳೆಯ ವರ್ಷಗಳ ಲೆಕ್ಕದಲ್ಲಿ ಸರಕಿನ ಬೆಲೆ ಎರಡು ಲಕ್ಷವೂ ಇಲ್ಲ, ಹೊಸದರಲ್ಲಿ ಒಂಬತ್ತು ಲಕ್ಷ. ಅವನ ಹುಬ್ಬು ಏರಿತು.

"ಒಂದೇ ವರ್ಷದಲ್ಲಿ ಇಷ್ಟು ಹೇಗೆ ಬೆಳೀತು ಮೇಡಂ?"

"ಒಂದೇ ವರ್ಷದಲ್ಲಿ ಬೆಳೆದಿದ್ದಲ್ಲ ಸಾರ್. ಬೆಳೆದಿದ್ದು ಮುಂಚೆನೇ. ಬರೆದಿರಲಿಲ್ಲ, ಅಷ್ಟೇ."

"ನಾಳೆ ಸತ್ತುಹೋದ್ರೆ?"

ಅವಳು ತನ್ನ ಲೆಕ್ಕದ ಪುಸ್ತಕ ಮುಂದೆ ಚಾಚಿದಳು. ಯಾವ ಜಾತಿ ನೂರಕ್ಕೆ ಎಷ್ಟು ಸಾಯುತ್ತದೆ, ಯಾವ ತಿಂಗಳಲ್ಲಿ ಹೆಚ್ಚು, ಒಂದೊಂದಕ್ಕೂ ಅಂಕಿ ಇತ್ತು. ಅಧಿಕಾರಿ ಪುಟ ತಿರುವಿದ, ತಲೆ ಎತ್ತಿದ, ನೆರಳುಪರದೆಯ ಕೆಳಗಿನ ಒಂದು ಸಾಲಿನತ್ತ ಬೆರಳು ಮಾಡಿದ. "ಅಲ್ಲಿ ಎಷ್ಟಿವೆ, ಈಗಲೇ ಹೇಳಿ."

"ನಾನೂರ ಹನ್ನೆರಡು."

ಇಬ್ಬರು ಹೆಂಗಸರು, ಯಜಮಾನರು, ಸ್ವತಃ ಅಧಿಕಾರಿ ಎಣಿಸಿದರು. ನಾನೂರ ಒಂಬತ್ತು. ಯಜಮಾನರ ಮುಖ ಬಿಳಿಚಿಕೊಂಡಿತು. ಲೆಕ್ಕದಕ್ಕ ಬಗ್ಗಿ ಮತ್ತೆ ಎಣಿಸತೊಡಗಿದಳು. ಆಗ ಹಿಂದಿನಿಂದ ಅತ್ತೆಯ ದನಿ ಬಂತು.

"ಮೂರು ನಿನ್ನೆ ಸಾಯಂಕಾಲ ಹೋದ್ವು. ಬೇರು ಕೊಳೆತಿತ್ತು. ಇವಳಿಗೆ ಇನ್ನೂ ಹೇಳಿರಲಿಲ್ಲ." ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಪುಸ್ತಕ ತೆರೆದು ಹಿಡಿದರು. ಕೊನೆಯ ಸಾಲಿನಲ್ಲಿ, ಹಿಂದಿನ ದಿನದ ತಾರೀಖಿನೊಂದಿಗೆ, ಮೂರು.

ಅಧಿಕಾರಿ ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ನಕ್ಕುಬಿಟ್ಟ. "ಅಜ್ಜಿ, ನಮ್ಮ ಬ್ಯಾಂಕಲ್ಲೂ ಇಷ್ಟು ಸರಿಯಾಗಿ ಬರೆಯಲ್ಲ."

"ಕರೆದ್ರೆ ಬರ್ತೀನಿ," ಎಂದರು ಅತ್ತೆ.

ಸಾಲ ಮಂಜೂರಾಯಿತು. ಸುದ್ದಿಗೆ ಕಾಲು ಬಂತು. ತಿಂಗಳೊಳಗೆ ಗುಲಾಬಿ ಬೆಳೆಯುವವರೊಬ್ಬರು, ಹಣ್ಣಿನ ಸಸಿ ಕಸಿ ಕಟ್ಟುವ ಅಣ್ಣ ತಮ್ಮ, ಹುಲ್ಲುಹಾಸು ಮಾರುವವಳೊಬ್ಬಳು ಅವಳ ಮನೆ ಕೇಳಿಕೊಂಡು ಬಂದರು. ಯಾರೂ ಎಷ್ಟು ಫೀಸು ಎಂದು ಮೊದಲು ಕೇಳಲಿಲ್ಲ. "ಆ ಸತ್ತ ಗಿಡದ ಪುಸ್ತಕ ನಮಗೂ ಮಾಡಿಕೊಡ್ತೀರಾ?" ಎಂದೇ ಕೇಳಿದರು.

ಇನ್ನು ಗಿಡಗಳ ಲೆಕ್ಕ ಮಾತ್ರ ಎಂದು ತೀರ್ಮಾನಿಸಿದರೂ ಹಳೆಯ ಗಿರಾಕಿಗಳನ್ನು ಬಿಡುವುದು ಸುಲಭವಾಗಲಿಲ್ಲ. ಒಬ್ಬೊಬ್ಬರಿಗೂ ತಕ್ಕವರನ್ನು ಹುಡುಕಿ, ಪುಸ್ತಕಗಳನ್ನು ತಾನೇ ಹೊತ್ತುಕೊಂಡು ಹೋಗಿ ಒಪ್ಪಿಸಿದಳು. ಟೈಲರಣ್ಣ ಮಾತ್ರ ಮುಖ ಊದಿಸಿಕೊಂಡ.

"ನನ್ನ ಅಂಗಡೀಲಿ ಏನಾದ್ರೂ ಮೊಳಕೆ ಒಡೆದ್ರೆ ಮತ್ತೆ ಬರ್ತೀಯಾ ಅಕ್ಕ?"

"ಖಂಡಿತ," ಎಂದಳು. ಇಬ್ಬರ ಕಣ್ಣೂ ತೇವವಾಗಿತ್ತು, ಇಬ್ಬರೂ ನಗುತ್ತಿದ್ದರು.

ಮರುವರ್ಷ ಬೆಳೆಗಾರರ ಸಂಘದ ಸಭೆಯಲ್ಲಿ ಅವಳನ್ನು ಮಾತಿಗೆ ಕರೆದರು. ಇನ್ನೂರು ಜನ. ಮೈಕು ಹಿಡಿದು ಅವಳು ಹೇಳಿದ್ದು ಬರೀ ಮೂರು ವರ್ಷದ ಒಂದು ಗಿಡದ ಖರ್ಚು, ಮೊದಲ ನೀರಿನಿಂದ ಹಿಡಿದು. ಅರ್ಧಕ್ಕೆ ಬರುವಷ್ಟರಲ್ಲಿ ಸಭೆಯಲ್ಲಿದ್ದವರೆಲ್ಲ ಪೆನ್ನು ಹುಡುಕುತ್ತಿದ್ದರು. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮೊದಲ ಸಾಲಿನಲ್ಲಿ ಅತ್ತೆ, ಅಕ್ಕಪಕ್ಕದವರಿಗೆಲ್ಲ, "ನಮ್ಮ ಸೊಸೆ," ಎಂದು ಕೇಳದಿದ್ದರೂ ಹೇಳುತ್ತಿದ್ದರು.

ಹೊರಗೆ ಬಂದಾಗ ಒಬ್ಬ ಹೆಂಗಸು ಅಳುಕುತ್ತಲೇ ದಾರಿಗೆ ಅಡ್ಡ ನಿಂತಳು. "ನಂದು ತಾವರೆ ಅಕ್ಕ. ಬೇರು ನೀರೊಳಗೆ, ಕೆಸರಲ್ಲಿ. ಎಣಿಸೋಕೇ ಆಗಲ್ಲ. ಅಂಥದ್ದು ಮಾಡಿದ್ದೀರಾ?"

"ಇಲ್ಲಮ್ಮ, ಮಾಡಿಲ್ಲ," ಎಂದಳು ಲೆಕ್ಕದಕ್ಕ. "ಕೊಳ ಎಷ್ಟು ಆಳ? ಮೊಣಕಾಲು ಮಟ್ಟ ತಾನೆ? ಮಂಗಳವಾರ ಬಂದು ಇಳೀತೀನಿ."