ಒತಿಲಿಯಾಳ ಮರದತ್ತ ನಡೆದ ಬೇಲಿ

ನನ್ನ ಗಂಡ ಗೌದೆನ್ಸಿಯೊನಂಥ ಕಳ್ಳ ಈ ಮಿಶ್ತೆಕಾ ಸೀಮೆಯಲ್ಲೇ ಇನ್ನೊಬ್ಬನಿಲ್ಲ. ಬೇರೆ ಕಳ್ಳರು ಕೋಳಿ ಹಿಡ್ಕೊಂಡು ಓಡ್ತಾರೆ, ಅವರಿಗೆ ಒಂದಿಷ್ಟು ಎದೆಗಾರಿಕೆಯಾದರೂ ಇರತ್ತೆ. ಇವನು ಹಾಡಹಗಲೇ, ಟೋಪಿ ಹಾಕ್ಕೊಂಡು, ಸಿಳ್ಳೆ ಹೊಡೀತಾ, ವರ್ಷಕ್ಕೆ ಒಂದೊಂದು ಗೇಣು ಕದ್ದ. ಕದ್ದದ್ದು ಪಕ್ಕದ ಮನೆ ಒತಿಲಿಯಾಳ ಹಿತ್ತಲನ್ನ.

ನಮ್ಮಲ್ಲಿ ಬೇಲಿ ಅಂದರೆ ಕಂಬಗಳ್ಳಿ. ಎರಡಾಳೆತ್ತರದ ಹಸಿರು ಕಂಬಗಳು ಒತ್ತೊತ್ತಾಗಿ ನಿಂತರೆ ನಾಯಿಮರೀನೂ ನುಸುಳಲ್ಲ. ಬೇಲಿ ಎಲ್ಲಿದೆಯೋ ಗಡಿ ಅಲ್ಲಿ, ಊರಿನವರು ಬೇರೆ ಏನೂ ಕೇಳಲ್ಲ. ಕಳ್ಳಿ ಬುಡದಲ್ಲಿ ಎರಡೂ ಕಡೆ ಮರಿ ಒಡೆಯತ್ತೆ. ನಮ್ಮ ಕಡೆ ಒಡೆದ ಮರಿಗಳನ್ನೆಲ್ಲ ಇವನು ಮುರೀತಿದ್ದ, ಒತಿಲಿಯಾಳ ಕಡೆಯವನ್ನ ಸಾಕ್ತಿದ್ದ. ಅವು ಎದೆಮಟ್ಟ ಬಂದವೋ, ನಮ್ಮ ಕಡೆಯ ಹಳೇ ಕಂಬ ಕಡಿದು ಬುಡದ ಮೇಲೆ ಮಣ್ಣೆಳೆದುಬಿಡ್ತಿದ್ದ. ಹೀಗೇ ಇಪ್ಪತ್ತು ವರ್ಷ ನಡೀತು ಬೇಲಿ.

ಅದಕ್ಕೆ ಆರೈಕೆಯೋ ಆರೈಕೆ! ಮುರಿದ ತುಂಡನ್ನ ನೆರಳಲ್ಲಿ ಮಲಗಿಸಿ, ಗಾಯ ಒಣಗೋವರೆಗೂ ಕಾದು, ಆಮೇಲೆ ಬೇಲಿಯ ಸಂದಿಯಲ್ಲಿ ನೆಡ್ತಿದ್ದ. ಮೊದಲು ಬಿಸಿಲು ಕಂಡ ಮಗ್ಗುಲೇ ಮತ್ತೆ ಬಿಸಿಲಿಗೆ ಬರಬೇಕಂತೆ, ಇಲ್ಲದಿದ್ದರೆ ಎಳೇ ಮಗ್ಗುಲು ಸುಟ್ಟುಹೋಗತ್ತಂತೆ. ನಾನು ಜ್ವರ ಬಂದು ಮಲಗಿದ್ದಾಗ ಒಂದು ಲೋಟ ನೀರು ಕೊಟ್ಟವನಲ್ಲ ಈ ಮಹಾರಾಯ.

ಒತಿಲಿಯಾ ಏನು ಕುರುಡಿಯಲ್ಲ. ವರ್ಷಾ ವರ್ಷಾ ಕೇಳ್ತಿದ್ದಳು. "ಬೇಲಿ ಮತ್ತೆ ನನ್ನ ಕಡೆ ಬಂದಿದೆಯಲ್ಲ ಗೌದೆನ್ಸಿಯೊ?"

"ಗಿಡಕ್ಕೇನು ಹಗ್ಗ ಕಟ್ಟಿ ಎಳೀತೀನಾ ಅಕ್ಕಾ? ಅದರ ಇಷ್ಟ, ಎಲ್ಲಿ ಬೇಕಾದರೂ ಬೆಳೆಯತ್ತೆ."

"ಅದರ ಇಷ್ಟ ಯಾವಾಗಲೂ ನನ್ನ ಮನೆ ಕಡೆಗೇ ಯಾಕಪ್ಪಾ?"

ಇವನು ಹಲ್ಲು ಕಿರೀತಿದ್ದ. ನಾನು ಒಳಗೆ ಜೋಳ ಅರೀತಾ ನಾಚಿಕೆಯಿಂದ ಸಾಯ್ತಿದ್ದೆ.

ಇವನ ಕಣ್ಣಿದ್ದದ್ದು ಅವಳ ಪಿತಾಯಾ ಕಳ್ಳಿಯ ಮೇಲೆ. ಅವಳ ಅತ್ತೆ ನೆಟ್ಟ ಮರ, ಮೈತುಂಬ ಕವಲು. ಮೇ ತಿಂಗಳಲ್ಲಿ ಅದು ಬಿಡೋ ಕೆಂಪು ತಿರುಳಿನ ಹಣ್ಣು ಊರಲ್ಲಿ ಇನ್ಯಾರ ಮನೆಯಲ್ಲೂ ಇಲ್ಲ. ಒತಿಲಿಯಾ ಗಂಡ ಸತ್ತವಳು. ಆ ಹಣ್ಣನ್ನ ಗಳದಿಂದ ಇಳಿಸಿ, ಮುಳ್ಳು ಒರೆಸಿ ಸಂತೆಗೆ ಹೊತ್ತರೆ ಅವಳಿಗೆ ವರ್ಷದ ಜೋಳ. ಹೊರದಿದ್ದರೆ ಒಲೆ ಹೊತ್ತಲ್ಲ.

ಈ ವರ್ಷ ಬೇಲಿ ಆ ಮರವನ್ನ ದಾಟಿತು. ಮರ ನಮ್ಮ ಹಿತ್ತಲಿಗೆ ಬಂತು. ಗೌದೆನ್ಸಿಯೊ ಗಳ ಹಿಡ್ಕೊಂಡು ಮರದ ಬುಡದಲ್ಲಿ ಮದುಮಗನ ಹಾಗೆ ನಿಂತ. ಒತಿಲಿಯಾ ಊರ ಯಜಮಾನ ದೋನ್ ಫಿದೆನ್ಸಿಯೊನನ್ನ ಕರ್ಕೊಂಡೇ ಬಂದಳು. ಹಿಂದೆ ಅರ್ಧ ಊರು.

"ಬೇಲಿ ಎಲ್ಲೋ ಗಡಿ ಅಲ್ಲೇ, ಅಲ್ವಾ ಯಜಮಾನ್ರೇ?" ಅಂದ ಇವನು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಫಿದೆನ್ಸಿಯೊ ನನ್ನ ಕಡೆ ತಿರುಗಿದ. "ಪೊನ್ಸಿಯಾನಾ, ನೀನು ಮದುವೆಯಾಗಿ ಬಂದಾಗ ಬೇಲಿ ಎಲ್ಲಿತ್ತಮ್ಮ?"

"ಅವಳಿಗೇನು ಗೊತ್ತಿರತ್ತೆ? ಪಲ್ಯಕ್ಕೆ ಉಪ್ಪು ಹಾಕಿದ್ದೇ ನೆನಪಿರಲ್ಲ," ಅಂತ ನಕ್ಕ ನನ್ನ ಗಂಡ. ಆಮೇಲೆ ಮೆಲ್ಲಗೆ, "ಹೇಳೇ, ಇಲ್ಲೇ ಇತ್ತು ಅನ್ನು."

ಒತಿಲಿಯಾ ನನ್ನನ್ನೇ ನೋಡ್ತಿದ್ದಳು. ಬೇಡಲಿಲ್ಲ, ಸುಮ್ಮನೆ ನೋಡಿದಳು. ಇವನ ಮನೆಯ ರೊಟ್ಟಿ ತಿಂದವಳು ಇವನ ಪರವೇ ಮಾತಾಡ್ತಾಳೆ ಅಂತ ಅವಳಿಗೆ ಅನ್ನಿಸಿರಬೇಕು. ನನಗೆ ಮೈಯೆಲ್ಲ ಉರೀತು. ನಮ್ಮ ಹಿತ್ತಲಲ್ಲಿದ್ದ ಕೋಳಿಗೂಡನ್ನ ಎಳೆದು ಪಕ್ಕಕ್ಕೆ ಹಾಕಿ ಗುದ್ದಲಿಯಿಂದ ಮಣ್ಣು ಕೆರೆದೆ. ಒಣಗಿದ ಕಳ್ಳಿ ಬುಡಗಳು ಸಾಲಾಗಿ ಎದ್ದವು.

"ಇಲ್ಲಿತ್ತು," ಅಂದೆ. "ಈ ಪುಣ್ಯಾತ್ಮನೇ ಕಡಿದು ಮುಚ್ಚಿದ್ದು."

ಫಿದೆನ್ಸಿಯೊ ಅಲ್ಲೇ ತೀರ್ಪು ಕೊಟ್ಟ. ಮರ ಒತಿಲಿಯಾಳದು, ಅವಳು ಓಡಾಡೋಕೆ ಬೇಲಿ ಕಡಿದು ದಾರಿ ಬಿಡು, ಇವತ್ತೇ ಬಿಡು ಅಂದ. ಜನ ನಗ್ತಾ ಹೋದರು.

ಮಚ್ಚು ಹಿಡ್ಕೊಂಡು ಬೇಲಿ ಮುಂದೆ ನಿಂತ ಇವನು. "ಮನೆಮುರುಕಿ," ಅಂದ.

"ನಾನಾ? ಥೂ! ಗಂಡ ಇಲ್ಲದ ಹೆಂಗಸಿನ ತುತ್ತು ಕಿತ್ಕೊಳ್ಳೋಕೆ ಇಪ್ಪತ್ತು ವರ್ಷ ಬೇಕಾಯ್ತಲ್ಲೋ ನಿನಗೆ! ಅಂಥಾ ಏನು ಜೊಲ್ಲು ಸುರೀತಿತ್ತು ಆ ಹಣ್ಣಿಗೆ?"

"ನನಗಲ್ಲ, ನಿನಗೆ," ಅಂದ. "ಮೊದಲನೇ ಬಸಿರಲ್ಲಿ ಆ ಹಣ್ಣು ಬೇಕು ಅಂದಿದ್ದೆಯಲ್ಲ. ಹೋಗಿ ಕೇಳಿದ್ದೆ ಒತಿಲಿಯಾಳ ಅತ್ತೆಯನ್ನ. ಬೇಲಿಯಿಂದ ಈಚೆ ಇರೋದು ನಮ್ಮದು, ನಿನ್ನ ಕಡೆ ಬೆಳೆದಾಗ ಕಿತ್ಕೋ ಅಂದಳು ಮುದುಕಿ. ಕೊಂಡು ತರೋಣ ಅಂದರೆ ಸಂತೆಗೆ ಇನ್ನೂ ಎರಡು ದಿನ ಇತ್ತು. ಅಷ್ಟರಲ್ಲಿ ಮಗು ಹೋಯ್ತು."

ಬಯಕೆ ತೀರದೆ ಹೋದರೆ ಕೂಸು ಉಳಿಯಲ್ಲ ಅಂತ ನಮ್ಮಲ್ಲಿ ಎಲ್ಲರೂ ಅಂತಾರೆ. ಆದರೆ ಆ ಹಣ್ಣು ಬೇಕು ಅಂದಿದ್ದೇ ನನಗೆ ಮರೆತುಹೋಗಿತ್ತು. ಆ ಕೂಸನ್ನ ಹೂತು ಬಂದ ದಿನ ಇವನು ಒಂದು ಮಾತಾಡದೆ ಹಿತ್ತಲಿಗೆ ಹೋಗಿದ್ದ. ಅವತ್ತೇ ಅಂದ್ಕೊಂಡಿದ್ದೆ, ಇವನಿಗೆ ಕರುಳೇ ಇಲ್ಲ ಅಂತ.

"ಇದನ್ನ ಈಗ ಹೇಳ್ತೀಯಾ?" ಅಂತ ಕಿರುಚಿದೆ. "ಮುದುಕಿ ಸತ್ತು ಮಣ್ಣಾದಳು. ಒತಿಲಿಯಾ ಏನು ಮಾಡಿದ್ದಳೋ ನಿನಗೆ? ಅವತ್ತು ಬಂದು ನನ್ನ ಪಕ್ಕ ಕೂತು ಅತ್ತಿದ್ದರೆ ಸಾಕಿತ್ತಲ್ಲೋ ದರಿದ್ರದವನೇ! ನಾನೊಬ್ಬಳೇ ಅತ್ತೆನಲ್ಲೋ!"

ಇವನು ತಾನು ಸಾಕಿದ ಕಂಬದ ಮೇಲೆ ಕೈಯಿಟ್ಟು ನಿಂತೇ ಇದ್ದ, ಮಚ್ಚೆತ್ತೋಕೆ ಅವನಿಗೆ ಆಗಲಿಲ್ಲ. ನಾನು ಮಚ್ಚು ಕಿತ್ಕೊಂಡು ಬೇಲಿ ಕಡಿದೆ, ದಾರಿ ನಾನೇ ಬಿಟ್ಟೆ.