ತೆನೆ ಹಬ್ಬದ ಮೂರನೆಯ ಕಾಳು

ಕಾನ್ಸೆಪ್ಟಾಳ ಎದುರು ತುಟಿ ಪಿಟಕ್ಕೆನ್ನುವ ಧೈರ್ಯ ಇನ್ನಂಜೆ ಊರಿನಲ್ಲಿ ಯಾರಿಗೂ ಇರಲಿಲ್ಲ. ಅವಳು ಇಗರ್ಜಿಯೊಳಗೆ ಮುಂದಿನ ಬೆಂಚಿನಲ್ಲಿ ಕೂತರೆ ಪಾದ್ರಿಗಳೇ ಪ್ರಸಂಗವನ್ನು ಬೇಗ ಮುಗಿಸುತ್ತಿದ್ದರು. ಇನ್ನು ಅತ್ತೆಯನ್ನು ಮಾಂಯ್ ಎಂದು ಕರೆಯುವ ಸೊಸೆ ಸೆಲೀನಳ ಪಾಡು ಕೇಳಬೇಕೇ?

ಮಗ ಎಡ್ಮಂಡ್ ಕೆಲಸಕ್ಕಿದ್ದ ಹಡಗು ಮುಳುಗಿ ವರ್ಷಗಳಾಗಿದ್ದವು. ಇಗರ್ಜಿಯಲ್ಲಿ ಅವನ ಆತ್ಮಕ್ಕೆ ಪೂಜೆಯೂ ಆಗಿತ್ತು. ಆದರೆ ಮಗನ ಹೆಣ ಕಾಣದ ತಾಯಿ ಅದನ್ನು ಒಪ್ಪಲೇ ಇಲ್ಲ. ಸೆಪ್ಟೆಂಬರಿನ ತೆನೆ ಹಬ್ಬಕ್ಕೆ ಇಗರ್ಜಿಯಿಂದ ಹೊಸ ತೆನೆ ತಂದು, ಮನೆಯ ಹಿರಿಯರು ತಲೆಗೊಂದರಂತೆ ಕಾಳು ಸುಲಿದು ಅರೆದು, ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಹಂಚುವುದು ಪದ್ಧತಿ. ದೂರದಲ್ಲಿರುವವರ ಕಾಳು ಕಾಗದದಲ್ಲಿ ಸುತ್ತಿ ಅಂಚೆಗೆ ಹೋಗುತ್ತದೆ. ಸತ್ತವರಿಗೆ ಕಾಳಿಲ್ಲ. ಮನೆಯಲ್ಲಿದ್ದದ್ದು ಇಬ್ಬರೇ, ಕಾನ್ಸೆಪ್ಟಾ ಮಾತ್ರ ಪ್ರತಿವರ್ಷ ಮೂರನೆಯ ಕಾಳು ಸುಲಿಯುತ್ತಿದ್ದಳು. ವಿಳಾಸವಿಲ್ಲದ ಆ ಪೊಟ್ಟಣ ದೇವರ ಪೀಠದ ಹಿಂದೆ ಸೇರುತ್ತಿತ್ತು. ಆ ಕಾಳು ಇರುವ ತನಕ ಸೆಲೀನ್ ಎಡ್ಮಂಡನ ಹೆಂಡತಿಯೇ.

೧೯೮೩ರ ಬೇಸಗೆಯಲ್ಲಿ ಮನೆಯ ಹೆಂಚಿನ ಮಾಡು ರಿಪೇರಿಗೆಂದು ಕಾರ್ಕಳದ ಬಡಗಿ ಕಜೆಟನ್ ಬಂದ. ಅವನೂ ಹೆಂಡತಿಯನ್ನು ಕಳಕೊಂಡವನು. ಮಾಡಿನ ಕೆಲಸ ಮುಗಿದಾಗ ಅವನಿಗೆ ಕಿಟಕಿಯ ಸಂದು ಕಂಡಿತು, ಕಿಟಕಿ ಮುಗಿದಾಗ ಬಾಗಿಲಿನ ಗೆದ್ದಲು. ಮಳೆಗಾಲ ಮುಗಿಯುವ ಹೊತ್ತಿಗೆ ಅಷ್ಟು ಗಟ್ಟಿಯಾದ ಮನೆ ಊರಲ್ಲಿ ಬೇರೊಂದಿರಲಿಲ್ಲ. ಸೆಲೀನಳಿಗೆ ನಗು ಮರಳಿ ಬಂದಿತ್ತು. ಅದು ತನ್ನದೇ ನಗುವೇ ಎಂದು ಅವಳಿಗೇ ಬೆರಗು.

"ನಾವು ಮದುವೆ ಆಗುವಾ?" ಎಂದು ಒಂದು ದಿನ ಅವನು ಕೇಳಿಯೇಬಿಟ್ಟ.

"ಹಬ್ಬದ ದಿನ ಅಂಗಳಕ್ಕೆ ಬನ್ನಿ," ಎಂದಳು ಸೆಲೀನ್. "ಮಾಂಯ್ ಈ ವರ್ಷವೂ ಮೂರನೇ ಕಾಳು ಸುಲಿದರೆ ನಾನು ಹೊರಗೆ ಬರುವುದಿಲ್ಲ. ಅವರ ಮಗನನ್ನು ನಾನು ಕೊಲ್ಲಲಾರೆ. ನೀವು ಹೋಗಿಬಿಡಿ."

ಹಬ್ಬದ ಮುನ್ನಾದಿನ ಕಾನ್ಸೆಪ್ಟಾ ಒಬ್ಬಳೇ ಬಸ್ಸು ಹತ್ತಿ ಕಾಪುವಿಗೆ ಹೋದಳು. "ಎಂತ ಕೆಲಸ ಮಾಂಯ್?" ಎಂದು ಸೆಲೀನ್ ಕೇಳುವಷ್ಟರಲ್ಲಿ ಅವಳು ಅಂಗಳ ದಾಟಿದ್ದಳು. ಸಂಜೆ ಬಂದಾಗ ಸೀರೆಯ ಅಂಚು ಒದ್ದೆ, ಕಾಲಿಗೆಲ್ಲ ಮರಳು.

ಮರುದಿನ ಪೀಠದ ಮುಂದೆ ಕೂತು ಅವಳು ಒಂದು ಕಾಳು ಸುಲಿದಳು. ಇನ್ನೊಂದು. ಆಮೇಲೆ ಮತ್ತೊಂದು.

ಹೊರಗೆ ಹಲಸಿನ ಮರದಡಿ ಕಜೆಟನ್ ಕೊಡೆ ಹಿಡಿದು ನಿಂತಿದ್ದ. ಅವನತ್ತ ನೋಡಲಾರದೆ ಸೆಲೀನ್ ತಲೆ ತಗ್ಗಿಸಿದಳು.

ಆದರೆ ಕಾನ್ಸೆಪ್ಟಾ ಕಾಗದಕ್ಕೆ ಕೈ ಹಾಕಲಿಲ್ಲ. ಮೂರೂ ಕಾಳು ಅರೆದು ಹಾಲಿಗೆ ಬೆರೆಸಿ, ಮೂರು ಬಟ್ಟಲಿಗೆ ಹೊಯ್ದಳು. ಸೆಲೀನ್ ಪೀಠದ ಹಿಂದೆ ನೋಡಿದಳು. ಹಳೆಯ ಪೊಟ್ಟಣ ಒಂದೂ ಇರಲಿಲ್ಲ.

"ಮಾಂಯ್, ಎಡ್ಮಂಡನದ್ದು..."

"ಸಮುದ್ರಕ್ಕೆ ಕೊಟ್ಟು ಬಂದೆ. ಅವನಿರುವಲ್ಲಿಗೆ ಅಂಚೆ ಹೋಗುವುದಿಲ್ಲ, ಬಾಯೆ."

ಸೆಲೀನ್ ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷ ಒಂದೇ ಮಾಡಿನಡಿ ಬಾಳಿದರೂ ಈ ಹೆಂಗಸು ಎಷ್ಟು ದೊಡ್ಡವಳೆಂದು ತನಗೆ ಗೊತ್ತೇ ಇರಲಿಲ್ಲವಲ್ಲ! ಕಾಲಿಗೆ ಬೀಳೋಣವೆಂದರೆ ಮುದುಕಿ ಆಗಲೇ ಎದ್ದು ಬಾಗಿಲಿಗೆ ಹೋಗಿಯಾಗಿತ್ತು.

"ಮನೆಯವರು ಹೊಸ ಅಕ್ಕಿ ಉಣ್ಣುವಾಗ ಹೊರಗೆ ನಿಲ್ಲುವುದುಂಟಾ? ಒಳಗೆ ಬಾ, ಪುತಾ."

ಕೊಂಕಣಿಯಲ್ಲಿ ಮಗನನ್ನು ಕರೆಯುವ ಆ ಮಾತು ಎಡ್ಮಂಡ್ ಹೋದ ಮೇಲೆ ಆ ಮನೆಯಲ್ಲಿ ಕೇಳಿಬಂದದ್ದು ಅಂದೇ.